0.20 ಅಂದ್ರೆ ಎಷ್ಟು ತೇವ?

ಹವಾಮಾನ ಮಾಡೆಲ್‌ಗಳ, ಅಂದ್ರೆ ಬಿಸಿಲು, ಗಾಳಿ, ಮಳೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳ ಜೊತೆ ಕೆಲಸ ಶುರುಮಾಡಿದ ಹೊಸದರಲ್ಲಿ ಒಂದು ತಪ್ಪು ಮಾಡಿದ್ದೆ. ಅದನ್ನು ಹುಡುಕಲು ಮೂರು ವಾರ ಹಿಡಿಯಿತು. ನೆಲಕ್ಕೂ ಗಾಳಿಗೂ ಇರುವ ಸಂಬಂಧವನ್ನು ಮಾಡೆಲ್ ಹೇಗೆ ಲೆಕ್ಕ ಹಾಕುತ್ತದೆ ಅನ್ನುವುದು ನನಗೆ ಸರಿಯಾಗಿ ಅರ್ಥವಾಗಿದ್ದು ಆ ಮೂರು ವಾರದಲ್ಲೇ.

ಬೇಸಿಗೆಯ ಮೂರು ತಿಂಗಳಿಗೆ ಒಂದು ಮಾಡೆಲ್ ಓಡಿಸಬೇಕಿತ್ತು. ಅದಕ್ಕೂ ಮುಂಚೆ, ಮೊದಲ ದಿನ ಮಣ್ಣು ಎಷ್ಟು ಒದ್ದೆಯಾಗಿದೆ ಎಂದು ಅದಕ್ಕೆ ಹೇಳಬೇಕು. ಪ್ರತಿ ಜಾಗಕ್ಕೂ ಹೇಳಬೇಕು, ಪ್ರತಿ ಪದರಕ್ಕೂ ಹೇಳಬೇಕು. ನನ್ನ ಹತ್ತಿರ ಇನ್ನೊಂದು ಮಾಡೆಲ್‌ನಿಂದ ಬಂದ ಒಳ್ಳೆಯ ಫೈಲ್ ಇತ್ತು. ಹತ್ತಾರು ವರ್ಷಗಳ ನಿಜವಾದ ಮಳೆಯ ಲೆಕ್ಕ ಕೊಟ್ಟು ತಯಾರಿಸಿದ್ದು. ಎರಡೂ ಕಡೆ ಅಳತೆ ಒಂದೇ: ಒಂದು ಘನ ಮೀಟರ್ ಮಣ್ಣಿನಲ್ಲಿ ಎಷ್ಟು ಘನ ಮೀಟರ್ ನೀರಿದೆ. 0.20 ಅಂದ್ರೆ ಐದನೇ ಒಂದು ಪಾಲು ನೀರು. ಪದರಗಳ ಆಳ ಬೇರೆ ಇತ್ತು, ಹೊಂದಿಸಿದೆ. ಓಡಿಸಿದೆ. ಮೊದಲ ವಾರದಿಂದಲೇ ಮಧ್ಯಾಹ್ನದ ಉಷ್ಣತೆ ಇರಬೇಕಾದ್ದಕ್ಕಿಂತ ಜಾಸ್ತಿ ಬರತೊಡಗಿತು. ಎಲ್ಲ ಕಡೆ ಅಲ್ಲ, ಜೇಡಿಮಣ್ಣಿನ ಜಾಗಗಳಲ್ಲಿ. ಮೋಡದ ಲೆಕ್ಕ ನೋಡಿದೆ, ಬಿಸಿಲಿನ ಲೆಕ್ಕ ನೋಡಿದೆ, ಗಾಳಿ ಕಲಕುವ ಭಾಗವನ್ನು ಸಾಲು ಸಾಲಾಗಿ ಓದಿದೆ. ಮಣ್ಣಿನ ಫೈಲ್ ಮೇಲೆ ಅನುಮಾನವೇ ಬರಲಿಲ್ಲ, ಯಾಕಂದ್ರೆ ಎಲ್ಲಕ್ಕಿಂತ ಹೆಚ್ಚು ಶ್ರದ್ಧೆಯಿಂದ ತಯಾರಾಗಿದ್ದು ಅದೇ.

ಎಲ್ಲಿ ಎಡವಿದೆ ಅಂತ ಹೇಳುವ ಮೊದಲು ಮಾಡೆಲ್ ಒಳಗೆ ನೆಲದ ಕೆಲಸ ಏನು ಅನ್ನುವುದನ್ನು ಹೇಳಬೇಕು.

ನೆಲದ ಮೇಲೆ ಬಿಸಿಲು ಬೀಳುತ್ತದೆ. ಒಂದು ಪಾಲು ಹಾಗೇ ಚಿಮ್ಮಿ ವಾಪಸ್ ಹೋಗುತ್ತದೆ. ನೆಲ ಮತ್ತು ಆಕಾಶ ಒಂದರ ಕಡೆಗೆ ಒಂದು ಸೂಸುವ ಶಾಖವನ್ನೂ ಕೂಡಿ ಕಳೆದರೆ, ಕೊನೆಗೆ ನೆಲದ ಕೈಯಲ್ಲಿ ಒಂದಷ್ಟು ಉಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಒಂದು ಚದರ ಮೀಟರ್‌ಗೆ 500 ವಾಟ್ ಉಳಿಯಿತು ಅಂತ ಇಟ್ಟುಕೊಳ್ಳೋಣ. ನೆಲ ಇದನ್ನು ಮೂರು ರೀತಿ ಖರ್ಚು ಮಾಡಬಹುದು. ನೀರನ್ನು ಆವಿ ಮಾಡಬಹುದು, ಮೇಲಿನ ಗಾಳಿಯನ್ನು ಬಿಸಿ ಮಾಡಬಹುದು, ಇಲ್ಲವೇ ಕೆಳಗಿನ ಮಣ್ಣನ್ನು ಬಿಸಿ ಮಾಡಬಹುದು. ಗಿಡಗಳು ಆಹಾರ ತಯಾರಿಸಲು ಬಳಸುವ ಪಾಲು ತೀರ ಸಣ್ಣದು, ಅದನ್ನು ಬಿಡೋಣ.

ಮಣ್ಣು ಒದ್ದೆಯಾಗಿದ್ದರೆ ಈ 500ರಲ್ಲಿ 350 ಆವಿಗೆ ಹೋಗಬಹುದು, 100 ಗಾಳಿಗೆ, 50 ಮಣ್ಣಿಗೆ. ಮಣ್ಣು ಒಣಗಿದ್ದರೆ ಆವಿಗೆ 50, ಗಾಳಿಗೆ 350, ಮಣ್ಣಿಗೆ 100. ಬಿಸಿಲು ಅದೇ, ಆಕಾಶ ಅದೇ. ಈಗ ನೆಲಕ್ಕೆ ಅಂಟಿಕೊಂಡಿರುವ ಒಂದು ಕಿಲೋಮೀಟರ್ ದಪ್ಪದ ಗಾಳಿಯನ್ನು ತಗೊಳ್ಳಿ. ಒಂದು ಚದರ ಮೀಟರ್ ನೆಲದ ಮೇಲೆ ಅದರ ತೂಕ ಸುಮಾರು 1200 ಕೆಜಿ. ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 12 ಲಕ್ಷ ಜೂಲ್ ಬೇಕು. 350 ವಾಟ್ ಒಂದು ಗಂಟೆಯಲ್ಲಿ ಕೊಡುವುದು 12 ಲಕ್ಷ 60 ಸಾವಿರ ಜೂಲ್. ಅಂದ್ರೆ ಒಣ ನೆಲದ ಮೇಲೆ ಗಾಳಿ ಗಂಟೆಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಒದ್ದೆ ನೆಲದ ಮೇಲೆ ಒಂದು ಡಿಗ್ರಿಯ ಮೂರನೇ ಒಂದು ಪಾಲೂ ಏರುವುದಿಲ್ಲ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಇದೇ ನಡೆದರೆ ಎಷ್ಟು ವ್ಯತ್ಯಾಸ ಆಗುತ್ತೆ ನೋಡಿ.

ನೀರು ಆವಿಯಾಗಲು ಕೇಳುವ ಶಾಖ ಎಷ್ಟು ದೊಡ್ಡದು ಅನ್ನುವುದು ಕೈಯಾರೆ ಲೆಕ್ಕ ಹಾಕುವವರೆಗೂ ಮನಸ್ಸಿಗೆ ಬರುವುದಿಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದ್ರೆ ಒಂದು ಲೀಟರ್. ಅದು ಆವಿಯಾಗಲು ಸುಮಾರು 24 ಲಕ್ಷ 50 ಸಾವಿರ ಜೂಲ್ ಬೇಕು. ಮೇಲೆ ಹೇಳಿದ ಒಂದು ಕಿಲೋಮೀಟರ್ ಗಾಳಿಯನ್ನು ಎರಡು ಡಿಗ್ರಿ ಬಿಸಿ ಮಾಡುವಷ್ಟು. ಭೂಮಿಯ ನೆಲಭಾಗದ ಮೇಲೆ ಬೀಳುವ ಮಳೆಯಲ್ಲಿ ಸುಮಾರು ಶೇಕಡಾ 60 ಹೀಗೆ ಆವಿಯಾಗಿ ವಾಪಸ್ ಮೇಲೆ ಹೋಗುತ್ತದೆ, ಆ ಶಾಖವನ್ನು ಹೊತ್ತುಕೊಂಡೇ ಹೋಗುತ್ತದೆ. ಮೇಲೆ ಮೋಡವಾದಾಗ ಅಲ್ಲಿ ಇಳಿಸುತ್ತದೆ.

ಹಾಗಾಗಿ ಮಾಡೆಲ್ ಬರೆಯುವವರ ಮುಂದೆ ಇರುವ ಪ್ರಶ್ನೆ ಕೇಳಲು ಬಹಳ ಸರಳ. ಮಣ್ಣಿನಲ್ಲಿ ಇಷ್ಟು ನೀರಿದ್ದರೆ, ಬಂದ ಶಾಖದಲ್ಲಿ ಎಷ್ಟು ಪಾಲು ಆವಿಗೆ ಕೊಡಬೇಕು?

ಇದಕ್ಕೆ ಮೊದಲು ಕೊಟ್ಟ ಉತ್ತರಗಳಲ್ಲಿ ನನಗೆ ಇವತ್ತಿಗೂ ತುಂಬ ಇಷ್ಟವಾದದ್ದು ಸ್ಯುಕುರೋ ಮನಾಬೆ 1969ರಲ್ಲಿ ಬಳಸಿದ ಬಕೆಟ್. 2021ರ ಭೌತಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಅದೇ ಮನಾಬೆ. ಭೂಮಿಯ ಮೇಲೆ ಎಲ್ಲೇ ಹೋದರೂ ನೆಲದಲ್ಲಿ 15 ಸೆಂಟಿಮೀಟರ್ ನೀರು ಹಿಡಿಯುವ ಒಂದು ಬಕೆಟ್ ಇದೆ ಅಂತ ಇಟ್ಟುಕೊಂಡರು. ಕಾಡಾದರೂ ಅಷ್ಟೇ, ಮರುಭೂಮಿಯಾದರೂ ಅಷ್ಟೇ. ಮಳೆ ಬಂದರೆ ತುಂಬುತ್ತದೆ, ತುಂಬಿ ಮಿಕ್ಕಿದ್ದು ಹರಿದು ಹೋಗುತ್ತದೆ. ಬಕೆಟ್ ಮುಕ್ಕಾಲಿಗಿಂತ ಜಾಸ್ತಿ ತುಂಬಿದ್ದರೆ ಕೆರೆಯ ನೀರು ಆವಿಯಾಗುವಷ್ಟೇ ಸಲೀಸಾಗಿ ಆವಿಯಾಗುತ್ತದೆ. ಅದಕ್ಕಿಂತ ಕೆಳಗೆ ಇಳಿದರೆ, ಇಳಿದಷ್ಟೇ ಪ್ರಮಾಣದಲ್ಲಿ ಆವಿಯೂ ಕಡಿಮೆ. ಅಷ್ಟೇ ನಿಯಮ.

ಇದನ್ನು ಪೆನ್ನು ಕಾಗದ ಹಿಡಿದು ಓಡಿಸಬಹುದು, ಒಮ್ಮೆ ಮಾಡಿ ನೋಡಿ. ಬಕೆಟ್ ತುಂಬ 150 ಮಿಲಿಮೀಟರ್ ಇದೆ. ಹವೆ ದಿನಕ್ಕೆ 5 ಮಿಲಿಮೀಟರ್ ಹೀರಬಲ್ಲದು. ಮಳೆ ನಿಂತುಹೋಯಿತು. ಮುಕ್ಕಾಲು ಅಂದ್ರೆ 112.5, ಅಲ್ಲಿಗೆ ಬರಲು ಏಳೂವರೆ ದಿನ. ಅಲ್ಲಿಯವರೆಗೆ ಏನೂ ಆಗಿಲ್ಲ ಅನ್ನುವ ಹಾಗೆ ನಡೆಯುತ್ತದೆ. ಆಮೇಲೆ ಇಳಿಯುವ ವೇಗವೇ ಕಡಿಮೆಯಾಗುತ್ತಾ ಹೋಗುತ್ತದೆ. 56 ಮಿಲಿಮೀಟರ್‌ಗೆ ಬಂದಾಗ ದಿನಕ್ಕೆ ಎರಡೂವರೆ ಮಿಲಿಮೀಟರ್ ಮಾತ್ರ ಹೋಗುತ್ತಿರುತ್ತದೆ, ಉಳಿದ ಶಾಖವೆಲ್ಲ ಗಾಳಿಯನ್ನು ಬಿಸಿ ಮಾಡುತ್ತಿರುತ್ತದೆ. ಬಿದ್ದ ಮಳೆಯ ನೆನಪು ಮಣ್ಣಿನಲ್ಲಿ ವಾರಗಟ್ಟಲೆ ಉಳಿಯುತ್ತದೆ ಅನ್ನುವುದು ಈ ಇಷ್ಟೇ ಇಷ್ಟು ಲೆಕ್ಕದಲ್ಲಿ ಕಾಣುತ್ತದೆ. ಗಾಳಿಗೆ ಅಷ್ಟು ದಿನದ ನೆನಪಿಲ್ಲ. ಕೆಲವು ದಿನಗಳಲ್ಲಿ ಎಲ್ಲ ಅಳಿಸಿ ಹೋಗುತ್ತದೆ. ತಿಂಗಳುಗಟ್ಟಲೆ ಮುಂದಿನ ಮುನ್ಸೂಚನೆ ಕೊಡುವವರು ಮಣ್ಣಿನ ಕಡೆ ತಿರುಗಿ ನೋಡುವುದು ಇದಕ್ಕೇ.

1982ರಲ್ಲಿ ಜಗದೀಶ್ ಶುಕ್ಲಾ ಮತ್ತು ಯೇಲ್ ಮಿಂಟ್ಸ್ ಇದನ್ನು ಕೊನೆಯ ಅಂಚಿನವರೆಗೂ ಎಳೆದು ನೋಡಿದರು. ಒಂದು ಓಟದಲ್ಲಿ ಇಡೀ ಭೂಮಿಯ ನೆಲ ಸದಾ ಒದ್ದೆ. ಇನ್ನೊಂದರಲ್ಲಿ ನೆಲದಿಂದ ಆವಿ ಏಳುವುದೇ ಇಲ್ಲ. ಜುಲೈ ತಿಂಗಳ ಮಳೆ, ಉಷ್ಣತೆ, ಗಾಳಿಯ ಒತ್ತಡ ಎಲ್ಲವೂ ಬೇರೆ ಬೇರೆ ಬಂದವು. ನೆಲ ಸುಮ್ನೆ ಕೆಳಗೆ ಬಿದ್ದಿರುವ ಹಾಸು ಅಂತ ಆಮೇಲೆ ಯಾರೂ ಹೇಳುವ ಹಾಗಿರಲಿಲ್ಲ.

ಬಕೆಟ್‌ನಲ್ಲಿ ಒಂದು ದೊಡ್ಡ ಕೊರತೆ ಇದೆ. ಅದರಲ್ಲಿ ಗಿಡ ಇಲ್ಲ. ನೆಲದಿಂದ ಏಳುವ ಆವಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗಿಡಗಳ ಎಲೆಯ ಮೂಲಕ ಹೋಗುತ್ತದೆ, ಮತ್ತು ಗಿಡ ಬಕೆಟ್ ತರಹ ಸುಮ್ಮನೆ ಬಾಯಿ ತೆರೆದುಕೊಂಡು ಕೂತಿರುವುದಿಲ್ಲ.

ಇದನ್ನು ನೀವೇ ನೋಡಬಹುದು. ಒಂದು ಎಲೆಯ ಅಡಿಭಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಹಚ್ಚಿ, ಚೆನ್ನಾಗಿ ಒಣಗಲು ಬಿಡಿ. ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿ ಮೆಲ್ಲಗೆ ಎಳೆದರೆ ಎಲೆಯ ಅಚ್ಚು ಟೇಪಿಗೆ ಬರುತ್ತದೆ. ಗಾಜಿನ ಪಟ್ಟಿಗೆ ಅಂಟಿಸಿ ಸೂಕ್ಷ್ಮದರ್ಶಕದ ಕೆಳಗೆ ಇಡಿ. ಒಗಟಿನ ಚೂರುಗಳ ಹಾಗೆ ಒಂದಕ್ಕೊಂದು ಕೂತಿರುವ ಜೀವಕೋಶಗಳ ನಡುವೆ ಅಲ್ಲಲ್ಲಿ ಪುಟ್ಟ ತುಟಿಗಳು ಕಾಣುತ್ತವೆ. ಎರಡು ಬಾಗಿದ ಕೋಶಗಳು, ನಡುವೆ ಒಂದು ಸೀಳು. ಅದೇ ಪತ್ರರಂಧ್ರ. ಒಂದು ಚದರ ಮಿಲಿಮೀಟರ್‌ನಲ್ಲಿ ನೂರಾರು ಇರಬಹುದು. ನಾನು ಬೆಳಿಗ್ಗೆ ತೆಗೆದ ಅಚ್ಚಿನಲ್ಲಿ ಸೀಳುಗಳು ಅಗಲವಾಗಿದ್ದವು. ಅದೇ ಗಿಡಕ್ಕೆ ಎರಡು ದಿನ ನೀರು ಹಾಕದೆ ಬಿಟ್ಟು ಮಧ್ಯಾಹ್ನ ತೆಗೆದ ಅಚ್ಚಿನಲ್ಲಿ ತುಟಿಗಳು ಬಿಗಿದುಕೊಂಡು, ನಡುವೆ ಒಂದು ಗೆರೆ ಮಾತ್ರ ಉಳಿದಿತ್ತು. ಮಾಡೆಲ್‌ನಲ್ಲಿ ವರ್ಷಗಟ್ಟಲೆ ಒಂದು ಸಂಖ್ಯೆಯಾಗಿ ನೋಡಿದ್ದನ್ನು ಹೀಗೆ ಕಣ್ಣಾರೆ ಕಂಡಾಗ ನನಗೆ ಮಾತೇ ಹೊರಡಲಿಲ್ಲ.

ಈ ಸೀಳಿನ ಮೂಲಕ ಗಿಡ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತದೆ, ತೆರೆದಾಗಲೆಲ್ಲ ನೀರು ಹೊರಗೆ ಹೋಗುತ್ತದೆ. ಒಂದು ಬೇಕಾದರೆ ಇನ್ನೊಂದನ್ನು ಕಳೆದುಕೊಳ್ಳಬೇಕು. ಹಾಗಾಗಿ ನೀರಿನ ಲೆಕ್ಕ ಮಾಡಲು ಹೊರಟವರು ಇಂಗಾಲದ ಲೆಕ್ಕವನ್ನೂ ಮಾಡಬೇಕಾಯಿತು. 1986ರಲ್ಲಿ ಎರಡು ಮಾಡೆಲ್‌ಗಳು ಬಂದವು. ರಾಬರ್ಟ್ ಡಿಕಿನ್ಸನ್ ಮತ್ತು ಜೊತೆಗಾರರ ಬ್ಯಾಟ್ಸ್ ಒಂದು, ಪಿಯರ್ಸ್ ಸೆಲ್ಲರ್ಸ್ ಮತ್ತು ಜೊತೆಗಾರರ ಸಿಬ್ ಇನ್ನೊಂದು. ಎರಡರಲ್ಲೂ ಎಲೆ ಇತ್ತು, ಬೇರಿತ್ತು, ಪತ್ರರಂಧ್ರ ಇತ್ತು. ಸೆಲ್ಲರ್ಸ್ ಆಮೇಲೆ ಗಗನಯಾತ್ರಿಯಾಗಿ ಮೂರು ಸಲ ಬಾಹ್ಯಾಕಾಶಕ್ಕೆ ಹೋಗಿಬಂದರು. ಎಲೆಯ ತೂತಿನ ಲೆಕ್ಕ ಬರೆದ ಮನುಷ್ಯ ಭೂಮಿಯನ್ನು ಅಷ್ಟು ಮೇಲಿಂದ ನೋಡಿದರಲ್ಲ ಅಂತ ನನಗೆ ಆಗಾಗ ಅನ್ನಿಸುತ್ತದೆ. 2016ರಲ್ಲಿ ತೀರಿಕೊಂಡರು.

ಎಲೆಯ ದ್ಯುತಿಸಂಶ್ಲೇಷಣೆಗೆ 1980ರಲ್ಲಿ ಗ್ರಹಾಂ ಫಾರ್ಕ್ಹರ್ ಮತ್ತು ಜೊತೆಗಾರರು ಸಮೀಕರಣ ಕೊಟ್ಟಿದ್ದರು. 1987ರಲ್ಲಿ ಬಾಲ್, ವುಡ್ರೋ ಮತ್ತು ಬೆರಿ ಎಂಬವರು ರಂಧ್ರ ಎಷ್ಟು ತೆರೆಯುತ್ತದೆ ಅನ್ನುವುದನ್ನು ಅದಕ್ಕೆ ಜೋಡಿಸಿದರು. ಎಲೆ ಜಾಸ್ತಿ ಆಹಾರ ತಯಾರಿಸುತ್ತಿದ್ದರೆ ರಂಧ್ರ ಜಾಸ್ತಿ ತೆರೆದಿರುತ್ತದೆ. ಗಾಳಿ ಒಣಗಿದ್ದರೆ ಕಡಿಮೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೂ ಕಡಿಮೆ, ಯಾಕಂದ್ರೆ ಸ್ವಲ್ಪ ತೆರೆದರೂ ಬೇಕಾದಷ್ಟು ಸಿಗುತ್ತದೆ. ಈ ಕೊನೆಯ ಮಾತಿನ ತೂಕ ನೋಡಿ. ಇಂಗಾಲದ ಡೈಆಕ್ಸೈಡ್ ಏರಿದರೆ ಆಕಾಶದಲ್ಲಿ ಶಾಖ ಹಿಡಿದಿಡುವುದು ಒಂದು ಕಡೆ, ಎಲೆಯ ಬಾಯಿ ಸ್ವಲ್ಪ ಮುಚ್ಚಿಸಿ ನೆಲವನ್ನು ಇನ್ನಷ್ಟು ಬಿಸಿ ಮಾಡುವುದು ಇನ್ನೊಂದು ಕಡೆ. ಬಕೆಟ್ ಮಾಡೆಲ್‌ಗೆ ಈ ಎರಡನೆಯದು ಗೊತ್ತೇ ಇರಲಿಲ್ಲ.

ಈಗ ನೆಲದ ಲೆಕ್ಕ ಗಾಳಿಯ ಲೆಕ್ಕಕ್ಕೆ ಹೇಗೆ ಸೇರುತ್ತದೆ ಅಂತ ನೋಡೋಣ. ಹೆಚ್ಚಿನ ಮಾಡೆಲ್‌ಗಳಲ್ಲಿ ಅರ್ಧ ಗಂಟೆಗೊಮ್ಮೆಯೋ ಅದಕ್ಕಿಂತ ಬೇಗವೋ ಎರಡೂ ಮಾತಾಡಿಕೊಳ್ಳುತ್ತವೆ. ಗಾಳಿಯ ಕಡೆಯಿಂದ ಬಿಸಿಲು, ಮಳೆ, ಉಷ್ಣತೆ, ತೇವ, ಗಾಳಿಯ ವೇಗ ಇಷ್ಟು ಬರುತ್ತದೆ. ನೆಲದ ಕಡೆಯಿಂದ ಶಾಖ, ಆವಿ, ಗಾಳಿಯನ್ನು ತಡೆಯುವ ಘರ್ಷಣೆ ವಾಪಸ್ ಹೋಗುತ್ತದೆ. ಎಷ್ಟು ಸುಲಭವಾಗಿ ಹೋಗುತ್ತದೆ ಅನ್ನುವುದಕ್ಕೆ ಇವತ್ತಿಗೂ ಬಳಸುವುದು 1954ರಲ್ಲಿ ಮೋನಿನ್ ಮತ್ತು ಒಬುಖೋವ್ ಎಂಬ ಇಬ್ಬರು ಸೋವಿಯತ್ ವಿಜ್ಞಾನಿಗಳು ಕೊಟ್ಟ ಸಿದ್ಧಾಂತವನ್ನೇ. ಅದು ನೆಲ ಸಪಾಟಾಗಿ, ಎಲ್ಲ ಕಡೆ ಒಂದೇ ತರಹ ಇದೆ ಅಂತ ಭಾವಿಸುತ್ತದೆ. ಗುಡ್ಡ, ಕಾಡಿನ ಅಂಚು, ಕಟ್ಟಡ ಇರುವಲ್ಲಿ ಅದು ಸರಿಯಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ ಅದನ್ನೇ ಬಳಸುತ್ತೇವೆ. ಅದರ ಜಾಗಕ್ಕೆ ತಂದು ಕೂರಿಸುವಂಥದ್ದು ಇನ್ನೂ ಬಂದಿಲ್ಲ.

ಈ ಮಾತುಕತೆಯಲ್ಲಿ ಒಂದು ಸೂಕ್ಷ್ಮ ಇದೆ. ನೆಲದ ಮೇಲ್ಮೈ ತುಂಬ ತೆಳ್ಳಗಿನದು, ತಕ್ಷಣ ಬಿಸಿಯಾಗುತ್ತದೆ, ತಕ್ಷಣ ತಣ್ಣಗಾಗುತ್ತದೆ. ಹಿಂದಿನ ಅರ್ಧ ಗಂಟೆಯ ಗಾಳಿಯ ಉಷ್ಣತೆ ಇಟ್ಟುಕೊಂಡು ಈಗಿನ ನೆಲದ ಉಷ್ಣತೆ ಲೆಕ್ಕ ಹಾಕಿದರೆ ಅದು ಬೇಕಾದ್ದಕ್ಕಿಂತ ಮೇಲೆ ಹಾರುತ್ತದೆ. ಮುಂದಿನ ಹೆಜ್ಜೆಯಲ್ಲಿ ಗಾಳಿ ಅದಕ್ಕೆ ತಕ್ಕ ಹಾಗೆ ಬಿಸಿಯಾಗುತ್ತದೆ, ನೆಲ ಕೆಳಗೆ ಬೀಳುತ್ತದೆ. ಮತ್ತೆ ಮೇಲೆ. ನಾನು ಒಮ್ಮೆ ಒಂದು ಚಿಕ್ಕ ಪ್ರೋಗ್ರಾಂ ಬರೆದು ಓಡಿಸಿದಾಗ ಪರದೆ ಮೇಲೆ ಗರಗಸದ ಹಲ್ಲಿನ ಹಾಗೆ ಗೆರೆ ಬಂತು. ಹೆಜ್ಜೆ ಹೆಜ್ಜೆಗೂ ಮೇಲೆ ಕೆಳಗೆ. ಪರಿಹಾರ ಏನಂದ್ರೆ ನೆಲವನ್ನೂ ಕೆಳಗಿನ ಗಾಳಿಯನ್ನೂ ಒಂದೇ ಲೆಕ್ಕವಾಗಿ ಒಟ್ಟಿಗೆ ಬಿಡಿಸಬೇಕು, ಇಬ್ಬರ ಹೊಸ ಉಷ್ಣತೆಯೂ ಒಂದೇ ಸಲಕ್ಕೆ ಬರಬೇಕು. ದೊಡ್ಡ ಮಾಡೆಲ್‌ಗಳಲ್ಲಿ ಹೀಗೇ ಮಾಡುತ್ತಾರೆ. ಓದುವಾಗ ಇದು ಬರೀ ಗಣಿತದ ಕುಶಲತೆ ಅನ್ನಿಸಬಹುದು, ಆದರೆ ನೆಲ ಮತ್ತು ಗಾಳಿ ಒಂದನ್ನೊಂದು ಕಾಯದೆ ಒಟ್ಟಿಗೇ ಬದಲಾಗುತ್ತವೆ ಅನ್ನುವ ನಿಜವೇ ಅಲ್ಲಿರುವುದು.

ಗ್ರಿಡ್, ಅಂದ್ರೆ ಮಾಡೆಲ್ ಭೂಮಿಯನ್ನು ಒಡೆದುಕೊಳ್ಳುವ ಚೌಕಗಳ ಬಗ್ಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಜಾಗತಿಕ ಮಾಡೆಲ್‌ನ ಒಂದು ಚೌಕ ಹೆಚ್ಚಾಗಿ 100 ಕಿಲೋಮೀಟರ್ ಆಸುಪಾಸಿನ ಅಗಲ. ಅದರೊಳಗೆ ಕಾಡು, ಹೊಲ, ಕೆರೆ, ಊರು ಎಲ್ಲ ಇರುತ್ತದೆ. ಆದ್ದರಿಂದ ಚೌಕವನ್ನು ಹಂಚುಗಳಾಗಿ ಒಡೆದು ಪ್ರತಿಯೊಂದಕ್ಕೂ ಬೇರೆ ಲೆಕ್ಕ ಮಾಡಿ ಕೊನೆಗೆ ಪಾಲಿನ ಪ್ರಕಾರ ಕೂಡಿಸುತ್ತಾರೆ. ಬ್ರಿಟನ್ನಿನ ಜೂಲ್ಸ್ ಎಂಬ ಮಾಡೆಲ್‌ನಲ್ಲಿ ಬಹಳ ಕಾಲ ಒಂಬತ್ತು ಬಗೆಯ ಹಂಚು ಇದ್ದವು, ಅವೆಲ್ಲಕ್ಕೂ ಕೆಳಗಿನ ಮಣ್ಣು ಮಾತ್ರ ಒಂದೇ: ನಾಲ್ಕು ಪದರ, ಒಟ್ಟು ಮೂರು ಮೀಟರ್. ಅಂದ್ರೆ ಮರವೂ ಹುಲ್ಲೂ ಒಂದೇ ಪಾತ್ರೆಯಿಂದ ಕುಡಿಯುತ್ತವೆ. ನೋವಾ ಎಂಬ ಇನ್ನೊಂದರಲ್ಲಿ ನಾಲ್ಕು ಪದರಕ್ಕೆ ಎರಡೇ ಮೀಟರ್. ಸಿಎಲ್‌ಎಂ ಮಾಡೆಲ್‌ನ ಐದನೇ ಆವೃತ್ತಿಯಲ್ಲಿ ಮಣ್ಣು ಕೆಲವು ಕಡೆ ಎಂಟೂವರೆ ಮೀಟರ್‌ವರೆಗೂ ಹೋಗುತ್ತದೆ. ಆಳಕ್ಕೆ ಬೇರಿಳಿಸುವ ಮರಗಳಿಗೆ ಬರಗಾಲದಲ್ಲಿ ಈ ವ್ಯತ್ಯಾಸ ಜೀವನ್ಮರಣದ ಪ್ರಶ್ನೆ, ಮಾಡೆಲ್ ಒಳಗೂ ಹೊರಗೂ.

ಹಂಚುಗಳ ವಿಷಯದಲ್ಲಿ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಹಿಮ ಬೀಳುವ ಉತ್ತರದ ಕಾಡುಗಳ ಕಥೆ ಚೆನ್ನಾಗಿದೆ. ಬಯಲಿನ ಮೇಲೆ ಹೊಸ ಹಿಮ ಬಿದ್ದರೆ ಬಿಸಿಲಿನ ಶೇಕಡಾ 80ಕ್ಕೂ ಹೆಚ್ಚು ವಾಪಸ್ ಚಿಮ್ಮುತ್ತದೆ. ಯುರೋಪಿನ ಮಧ್ಯಮಾವಧಿ ಹವಾ ಮುನ್ಸೂಚನೆ ಕೇಂದ್ರದ ಮಾಡೆಲ್ ಕಾಡಿಗೂ ಇದೇ ನಿಯಮ ಹಚ್ಚುತ್ತಿತ್ತು. 1994ರಲ್ಲಿ ಕೆನಡಾದ ಕಾಡುಗಳಲ್ಲಿ ಬೋರಿಯಾಸ್ ಎಂಬ ದೊಡ್ಡ ಪ್ರಯೋಗ ನಡೆದಾಗ ಅಳೆದು ನೋಡಿದರೆ, ಹಿಮ ಬಿದ್ದ ಸೂಚಿಪರ್ಣ ಕಾಡಿನಿಂದ ವಾಪಸ್ ಬರುವುದು ಶೇಕಡಾ 20ರ ಒಳಗೇ ಇತ್ತು. ಹಿಮ ಇರುವುದು ಕೆಳಗೆ, ಬಿಸಿಲು ಕಾಣುವುದು ಮೇಲಿರುವ ಕಪ್ಪು ಮರಗಳನ್ನು. ಮಾಡೆಲ್‌ನಲ್ಲಿ ಆ ಪ್ರದೇಶದ ವಸಂತ ಇರಬೇಕಾದ್ದಕ್ಕಿಂತ ತುಂಬ ತಣ್ಣಗಿತ್ತು. 1996ರ ಕೊನೆಗೆ ಆ ಒಂದು ಸಂಖ್ಯೆಯನ್ನು ಸರಿ ಮಾಡಿದ ಮೇಲೆ ವಸಂತದ ಮುನ್ಸೂಚನೆ ಸುಧಾರಿಸಿತು. ಒಬ್ಬರು ಕಾಡಿಗೆ ಹೋಗಿ, ಮರದ ತುದಿಗಿಂತ ಮೇಲೆ ಉಪಕರಣ ಕಟ್ಟಿ ಅಳೆದು ಬಂದದ್ದರಿಂದ ಅರ್ಧ ಖಂಡದ ಮುನ್ಸೂಚನೆ ಸರಿಹೋಯಿತು ಅನ್ನುವುದು ನನಗೆ ತುಂಬ ಹಿಡಿಸಿದ ವಿಷಯ.

ಇಷ್ಟೆಲ್ಲ ಬೆಳೆದ ಮೇಲೆ ಮಾಡೆಲ್‌ಗಳು ಒಂದೇ ಉತ್ತರ ಕೊಡಬೇಕಲ್ವಾ? ಕೊಡುವುದಿಲ್ಲ. 1992ರಲ್ಲಿ ಶುರುವಾದ ಪಿಲ್ಪ್ಸ್ ಎಂಬ ಯೋಜನೆಯಲ್ಲಿ ಎಲ್ಲ ನೆಲದ ಮಾಡೆಲ್‌ಗಳಿಗೂ ಒಂದೇ ಬಿಸಿಲು, ಒಂದೇ ಮಳೆ, ಒಂದೇ ಗಾಳಿ ಕೊಟ್ಟು ನೋಡಿದರು. ನೆದರ್‌ಲ್ಯಾಂಡ್ಸ್‌ನ ಕಾಬೌ ಎಂಬಲ್ಲಿನ ಒಂದು ಹುಲ್ಲುಗಾವಲಿಗೆ 20ಕ್ಕೂ ಹೆಚ್ಚು ಮಾಡೆಲ್‌ಗಳು ಶಾಖವನ್ನು ಬೇರೆ ಬೇರೆ ರೀತಿ ಹಂಚಿದವು. 2015ರಲ್ಲಿ ಇನ್ನೂ ಕಠಿಣವಾದ ಪರೀಕ್ಷೆ ಬಂತು. ಪ್ಲಂಬರ್ ಅಂತ ಅದರ ಹೆಸರು. ಉಪಕರಣ ಕಟ್ಟಿದ ಗೋಪುರಗಳಲ್ಲಿ ಅಳೆದ ನಿಜವಾದ ಲೆಕ್ಕದ ಎದುರು ಮಾಡೆಲ್‌ಗಳನ್ನು ನಿಲ್ಲಿಸಿದರು. ಪಕ್ಕದಲ್ಲಿ ಬಿಸಿಲಿನ ಮಾಹಿತಿ ಒಂದನ್ನೇ ಇಟ್ಟುಕೊಂಡು ಎಳೆದ ಸರಳ ರೇಖೆಯನ್ನೂ ನಿಲ್ಲಿಸಿದರು. ಗಾಳಿಗೆ ಹೋಗುವ ಶಾಖವನ್ನು ಊಹಿಸುವುದರಲ್ಲಿ ಆ ಸರಳ ರೇಖೆ ಮಾಡೆಲ್‌ಗಳಿಗಿಂತ ಚೆನ್ನಾಗಿ ಮಾಡಿತು. ಪತ್ರರಂಧ್ರ, ಬೇರು, ಹತ್ತಾರು ಪದರ ಎಲ್ಲ ಇಟ್ಟುಕೊಂಡು ಕೂತವರಿಗೆ ಇದು ನುಂಗಲು ಕಷ್ಟದ ಮಾತಾಗಿತ್ತು. ಬಿಸಿಲಿನ ಮಾಹಿತಿಯಲ್ಲೇ ಇರುವುದನ್ನು ನಾವು ಪೂರ್ತಿ ಬಳಸಿಕೊಳ್ಳುತ್ತಿಲ್ಲ ಅಂತ ನಾನು ಅರ್ಥಮಾಡಿಕೊಂಡೆ. ಹೊಸ ಪ್ರಕ್ರಿಯೆ ಸೇರಿಸುವ ಉತ್ಸಾಹದಲ್ಲಿ ಇದ್ದದ್ದನ್ನು ಸರಿಯಾಗಿ ಪರೀಕ್ಷಿಸುವುದು ಹಿಂದೆ ಬೀಳುತ್ತದೆ, ಇದು ನಮ್ಮ ಕ್ಷೇತ್ರದ ನಿಜವಾದ ಕಾಯಿಲೆ ಅಂತಲೇ ನನ್ನ ಅಭಿಪ್ರಾಯ.

ಗೋಪುರಗಳ ಅಳತೆಯೂ ಪೂರ್ತಿ ಶುದ್ಧವಲ್ಲ, ಅದನ್ನೂ ಹೇಳಬೇಕು. ಸೆಕೆಂಡಿಗೆ 10 ಅಥವಾ 20 ಸಲ ಗಾಳಿಯ ವೇಗ, ಉಷ್ಣತೆ, ತೇವ ಅಳೆದು, ಮೇಲೆ ಹೋಗುವ ಸುಳಿಗಳು ಎಷ್ಟು ಶಾಖ, ಎಷ್ಟು ಆವಿ ಹೊತ್ತೊಯ್ದವು ಅಂತ ಲೆಕ್ಕ ಹಾಕುತ್ತಾರೆ. ಅದೆಲ್ಲ ಕೂಡಿದರೂ ಬಂದ ಶಾಖಕ್ಕಿಂತ ಸಾಮಾನ್ಯವಾಗಿ ಶೇಕಡಾ 10ರಿಂದ 30ರಷ್ಟು ಕಡಿಮೆ ಬರುತ್ತದೆ.

ಈಗ ನನ್ನ ಫೈಲ್‌ಗೆ ಬರೋಣ. ಮೂರನೇ ವಾರದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಬಂದು ಪರದೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ಎರಡೂ ಮಾಡೆಲ್‌ನಲ್ಲಿ ಗಿಡ ಬಾಡೋದು ಎಷ್ಟಕ್ಕೆ?"

ನೋಡಿರಲಿಲ್ಲ. ನೋಡಿದೆ. ಪ್ರತಿ ಮಾಡೆಲ್ ಪ್ರತಿ ಬಗೆಯ ಮಣ್ಣಿಗೂ ಎರಡು ಗಡಿ ಇಟ್ಟುಕೊಂಡಿರುತ್ತದೆ. ಒಂದು, ಇದಕ್ಕಿಂತ ಕೆಳಗೆ ಗಿಡ ನೀರೆಳೆಯಲಾರದು ಅನ್ನುವ ಬಾಡುವ ಮಟ್ಟ. ಇನ್ನೊಂದು, ನೀರು ಬಸಿದು ಹೋದ ಮೇಲೂ ಮಣ್ಣು ಹಿಡಿದಿಟ್ಟುಕೊಳ್ಳುವ ಮಟ್ಟ. ಫೈಲ್ ಬಂದ ಮಾಡೆಲ್‌ನಲ್ಲಿ ಇವು 0.10 ಮತ್ತು 0.30 ಅಂತ ಇಟ್ಟುಕೊಳ್ಳಿ. ಅಲ್ಲಿ 0.20 ಅಂದ್ರೆ ಸರಿಯಾಗಿ ಅರ್ಧ, ಗಿಡ ಆರಾಮವಾಗಿದೆ. ನನ್ನ ಮಾಡೆಲ್‌ನಲ್ಲಿ ಅದೇ ಜಾಗಕ್ಕೆ 0.17 ಮತ್ತು 0.36. ಇಲ್ಲಿ 0.20 ಅಂದ್ರೆ ಆರನೇ ಒಂದು ಪಾಲಿಗಿಂತಲೂ ಕಡಿಮೆ. ಗಿಡ ಬಾಡುವ ಅಂಚಿನಲ್ಲಿದೆ, ರಂಧ್ರಗಳು ಬಿಗಿದುಕೊಂಡಿವೆ, ಬಂದ ಶಾಖವೆಲ್ಲ ಗಾಳಿಗೆ ಹೋಗುತ್ತಿದೆ. ಫೈಲ್‌ನಲ್ಲಿ ಒಂದು ಸಂಖ್ಯೆಯೂ ತಪ್ಪಿರಲಿಲ್ಲ. ನಾನು ಅದನ್ನು ಬೇರೆ ಭಾಷೆಯಲ್ಲಿ ಓದಿಸಿದ್ದೆ.

ರಾಂಡಾಲ್ ಕೋಸ್ಟರ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಮಾಡೆಲ್‌ನ ಮಣ್ಣಿನ ತೇವ ಅನ್ನುವುದು ಹೊಲದಲ್ಲಿ ಅಗೆದು ಅಳೆಯುವ ತೇವ ಅಲ್ಲ. ಅದು ಆ ಮಾಡೆಲ್‌ಗೆ ಮಾತ್ರ ಅರ್ಥವಾಗುವ ಒಂದು ಸೂಚಕ. ಒಂದರಿಂದ ಇನ್ನೊಂದಕ್ಕೆ ಒಯ್ಯಬೇಕಾದರೆ ನೇರ ಸಂಖ್ಯೆ ಒಯ್ಯಬಾರದು. ಆ ಜಾಗದ ವಾಡಿಕೆಗಿಂತ ಎಷ್ಟು ಒದ್ದೆ, ಎಷ್ಟು ಒಣ ಅನ್ನುವುದನ್ನು ಒಯ್ಯಬೇಕು. ಮಾಡೆಲ್‌ಗಳ ಸಂಖ್ಯೆ ಬೇರೆ ಬೇರೆಯಾದರೂ ಏರಿಳಿತದ ಲಯ ಹೆಚ್ಚುಕಡಿಮೆ ಒಂದೇ ಇರುತ್ತದೆ. ನಾನು ಹಾಗೆ ತಿದ್ದಿದೆ, ಉಷ್ಣತೆ ಕೆಳಗಿಳಿಯಿತು.

ಇದು ನನ್ನ ಒಂದು ಓಟದ ವಿಷಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಮಣ್ಣಿಗೂ ಮಳೆಗೂ ಇರುವ ನಂಟು ಎಲ್ಲಿ ಗಟ್ಟಿ ಅಂತ ಹುಡುಕಲು ಅದೇ ಕೋಸ್ಟರ್ ಮುಂದಾಳತ್ವದಲ್ಲಿ ಹನ್ನೆರಡು ಮಾಡೆಲ್‌ಗಳನ್ನು ಒಟ್ಟಿಗೆ ಓಡಿಸಿದ ಫಲಿತಾಂಶ 2004ರಲ್ಲಿ ಬಂದಿತ್ತು. ನಂಟು ಗಟ್ಟಿಯಾಗಿ ಕಂಡದ್ದು ಉತ್ತರ ಅಮೆರಿಕದ ಬಯಲು, ಆಫ್ರಿಕಾದಲ್ಲಿ ಸಹಾರಾದ ದಕ್ಷಿಣ ಅಂಚಿನ ಸಾಹೇಲ್ ಮತ್ತು ಸಮಭಾಜಕದ ಭಾಗ, ಭಾರತ. ತೀರ ಒದ್ದೆ ಜಾಗದಲ್ಲಿ ಮಣ್ಣು ಸ್ವಲ್ಪ ಒಣಗಿದರೆ ಏನೂ ಆಗುವುದಿಲ್ಲ, ತೀರ ಒಣ ಜಾಗದಲ್ಲಿ ಕೊಡಲು ನೀರೇ ಇಲ್ಲ. ನಡುವಿನ ಜಾಗಗಳಲ್ಲೇ ಮಣ್ಣಿನ ಮಾತು ನಡೆಯುತ್ತದೆ. ಆದರೆ ಅದು ಹನ್ನೆರಡರ ಸರಾಸರಿ. ಒಂದೊಂದೇ ಮಾಡೆಲ್ ತೆಗೆದು ನೋಡಿದರೆ ಕೆಲವದರಲ್ಲಿ ನಂಟು ಬಲು ಗಟ್ಟಿ, ಕೆಲವದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಉಷ್ಣತೆಯ ವಿಷಯದಲ್ಲಿ ದಿಕ್ಕಿನ ಬಗ್ಗೆಯಾದರೂ ಗೊಂದಲ ಇಲ್ಲ. 2003ರಲ್ಲಿ ಯುರೋಪಿನಲ್ಲಿ, 2010ರಲ್ಲಿ ರಷ್ಯಾದಲ್ಲಿ ಬಂದ ಬಿಸಿಗಾಳಿಯ ದಿನಗಳಲ್ಲಿ ಮುಂಚೆಯೇ ಒಣಗಿದ್ದ ಮಣ್ಣು ಬಿಸಿಯನ್ನು ಇನ್ನಷ್ಟು ಏರಿಸಿತು. ಹಗಲು ಕೂಡಿದ ಶಾಖ ರಾತ್ರಿ ಮೇಲಿನ ಪದರದಲ್ಲೇ ಉಳಿದು ಮರುದಿನ ಬೆಳಿಗ್ಗೆ ಮತ್ತೆ ಕೆಳಗಿನ ಗಾಳಿಗೆ ಸೇರಿಕೊಳ್ಳುತ್ತಿತ್ತು.

ಮಳೆಯ ವಿಷಯದಲ್ಲಿ ಹಾಗಲ್ಲ. ಒದ್ದೆ ನೆಲ, ಜಾಸ್ತಿ ಆವಿ, ಜಾಸ್ತಿ ಮಳೆ ಅಂತ ಮನಸ್ಸು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಕ್ರಿಸ್ಟೋಫರ್ ಟೇಲರ್ ಮತ್ತು ಜೊತೆಗಾರರು 2012ರಲ್ಲಿ ಉಪಗ್ರಹದ ಮಾಹಿತಿ ಹಿಡಿದು ಮಧ್ಯಾಹ್ನದ ಮಳೆ ಎಲ್ಲಿ ಶುರುವಾಗುತ್ತದೆ ಅಂತ ಭೂಮಿ ತುಂಬ ನೋಡಿದರು. ಸುತ್ತಲಿಗಿಂತ ಒಣಗಿರುವ ಜಾಗದ ಮೇಲೆ ಮಳೆ ಬೀಳುವ ಸಂಭವವೇ ಜಾಸ್ತಿ ಇತ್ತು. ಒಣ ಜಾಗ ಬೇಗ ಬಿಸಿಯಾಗುತ್ತದೆ, ಗಾಳಿ ಮೇಲೇಳುತ್ತದೆ, ಪಕ್ಕದ ಒದ್ದೆ ಜಾಗದ ತಂಪು ಗಾಳಿ ಅಲ್ಲಿಗೆ ಹರಿದು ಬಂದು ಇನ್ನಷ್ಟು ಮೇಲೆ ದೂಡುತ್ತದೆ. ಅವರು ಹೋಲಿಸಿ ನೋಡಿದ ಜಾಗತಿಕ ಮಾಡೆಲ್‌ಗಳು ತದ್ವಿರುದ್ಧ ಹೇಳಿದವು, ಒದ್ದೆ ಜಾಗದ ಮೇಲೇ ಮಳೆ ಸುರಿಸಿದವು. 100 ಕಿಲೋಮೀಟರ್ ಚೌಕದಲ್ಲಿ ಇಂಥ ಗಾಳಿಯ ಹರಿವು ಕಾಣುವುದೇ ಇಲ್ಲ, ಮೋಡ ಏಳುವುದನ್ನು ಅಂದಾಜಿನ ನಿಯಮದಿಂದ ಮಾಡಬೇಕಾಗುತ್ತದೆ. ಕೆಲವೇ ಕಿಲೋಮೀಟರ್ ಚೌಕದ ಮಾಡೆಲ್‌ಗಳಲ್ಲಿ ಮೋಡ ತಾನೇ ಎದ್ದಾಗ ಮಣ್ಣಿಗೂ ಮಳೆಗೂ ಇರುವ ನಂಟಿನ ದಿಕ್ಕೇ ತಿರುಗಿದ್ದೂ ಇದೆ. ಹಾಗಿರುವಾಗ ಒಂದು ಜಾಗತಿಕ ಮಾಡೆಲ್ "ಇಲ್ಲಿ ಬರ ಬಂದರೆ ಇನ್ನಷ್ಟು ಬರ ಬರುತ್ತದೆ" ಅಂದರೆ ನಾನು ತಕ್ಷಣ ನಂಬುವುದಿಲ್ಲ. ಅದರ ಮೋಡದ ನಿಯಮ ಯಾವುದು ಅಂತ ಮೊದಲು ನೋಡುತ್ತೇನೆ.

ಈಗ ಮಣ್ಣಿನ ತೇವವನ್ನು ಆಕಾಶದಿಂದಲೇ ಅಳೆಯುತ್ತಾರೆ. 2009ರಲ್ಲಿ ಯುರೋಪಿನ ಸ್ಮೋಸ್, 2015ರಲ್ಲಿ ಅಮೆರಿಕದ ಸ್ಮ್ಯಾಪ್ ಉಪಗ್ರಹಗಳು ಹಾರಿದವು. ನೆಲ ತಾನಾಗಿ ಸೂಸುವ ಸುಮಾರು 21 ಸೆಂಟಿಮೀಟರ್ ಉದ್ದದ ಅಲೆಗಳನ್ನು ಅವು ಕೇಳಿಸಿಕೊಳ್ಳುತ್ತವೆ. ಕೇಳುವುದು ಮೇಲಿನ ಐದು ಸೆಂಟಿಮೀಟರ್ ಮಣ್ಣನ್ನು ಮಾತ್ರ, ಬೇರು ಅದಕ್ಕಿಂತ ಕೆಳಗಿರುತ್ತದೆ. ಸರಿ, ಅಷ್ಟಾದರೂ ನಿಜವಾದ ಅಳತೆ ಸಿಕ್ಕಿತಲ್ಲ, ಮಾಡೆಲ್‌ಗೆ ಹಾಕಿಬಿಡೋಣ ಅಂದರೆ ಆಗುವುದಿಲ್ಲ. ಉಪಗ್ರಹದ 0.20 ಕೂಡ ಮಾಡೆಲ್‌ನ 0.20 ಅಲ್ಲ. ಹಾಗಾಗಿ ಉಪಗ್ರಹದ ಸಂಖ್ಯೆಗಳನ್ನು ಮೊದಲು ಹಿಗ್ಗಿಸಿ ಕುಗ್ಗಿಸಿ, ಅವುಗಳ ಸರಾಸರಿ ಮತ್ತು ಏರಿಳಿತ ಮಾಡೆಲ್‌ನದಕ್ಕೆ ಹೊಂದುವ ಹಾಗೆ ಮಾಡಿ ಆಮೇಲೆ ಒಳಗೆ ಬಿಡುತ್ತಾರೆ. ಈ ಕೆಲಸ ನಾನೂ ಮಾಡಿದ್ದೇನೆ, ಬೇರೆ ದಾರಿ ಇಲ್ಲ ಅಂತ ಗೊತ್ತಿದೆ. ಆದರೂ ಪ್ರತಿ ಸಲ ಮಾಡುವಾಗ ಕೈ ಒಂದು ಗಳಿಗೆ ನಿಲ್ಲುತ್ತದೆ, ಯಾಕಂದ್ರೆ ಮಾಡೆಲ್ ಆ ಜಾಗವನ್ನು ಸದಾ ಒಣಗಿಸಿ ಇಡುತ್ತಿದ್ದರೆ, ಅದು ತಪ್ಪು ಅಂತ ಹೇಳಬಲ್ಲ ಮಾಹಿತಿಯನ್ನು ನಾನೇ ಅಲ್ಲಿ ಅಳಿಸುತ್ತಿರುತ್ತೇನೆ. ಅದಕ್ಕೇ ತಿದ್ದದ ಮೂಲ ಫೈಲ್ ಅನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟುಕೊಂಡಿರುತ್ತೇನೆ, ಗಿಡ ಬಾಡುವ, ಮಣ್ಣು ನೀರು ಹಿಡಿದಿಡುವ ಎರಡೂ ಮಟ್ಟಗಳನ್ನು ಅದರ ಹೆಸರಿನಲ್ಲೇ ಬರೆದು.